ಪ್ರಮಾಣಶ್ರುತಿಯ ವಿಚಾರ

ಶ್ರೀ ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯಲ್ಲಿ ಇತರ ಶಾಸ್ತ್ರಗಳೊಡನೆ ಸಂಗೀತಕ್ಕೂ ಎಡೆಯಿತ್ತಿರುವರು. ಸಂಗೀತಶಾಸ್ತ್ರವನ್ನು ಓದತೊಡಗುವ ವಿದ್ಯಾರ್ಥಿಗೆ ಮೊದಲು ತೊಡಕೆನಿಸುವುದು ಶ್ರುತಿವಿಚಾರ. ಸ್ವರಗಳು 7, ಶ್ರುತಿಗಳು 22. ಈ ಲೆಕ್ಕವು ಬಂದುದೆಲ್ಲಿಂದ?

ಇದರ ಮೂಲವು ಭರತನ ನಾಟ್ಯಶಾಸ್ತ್ರದಲ್ಲಿದೆ. ಷಡ್ಜಗ್ರಾಮದಲ್ಲಿ ಷಡ್ಜ, ಮಧ್ಯಮ, ಪಂಚಮಗಳಿಗೆ ನಾಲ್ಕು ನಾಲ್ಕು, ಋಷಭ, ಧೈವತಗಳಿಗೆ ಮೂರು ಮೂರು, ಗಾಂಧಾರ, ನಿಷಾದಗಳಿಗೆ ಎರಡೆರಡು ಶ್ರುತಿಗಳು. ಪಂಚಮವನ್ನು ಒಂದು ಶ್ರುತಿಯಷ್ಟು ಇಳಿಸಿದರೆ ಅದು ಮಧ್ಯಮಗ್ರಾಮ. ಈ ಇಳಿತದ ಅಳತೆಯೇ ಪ್ರಮಾಣಶ್ರುತಿ.

ಭರತನು ಇದನ್ನು ಗಣಿತದಿಂದಲ್ಲ, ವೀಣೆಯಿಂದ ಸಾಧಿಸಿದನು. ಸಮಾನವಾಗಿ ಶ್ರುತಿಗೂಡಿಸಿದ ಎರಡು ವೀಣೆಗಳಲ್ಲಿ ಒಂದನ್ನು ಮಾತ್ರ ಒಂದೊಂದೇ ಶ್ರುತಿಯಷ್ಟು ಇಳಿಸಬೇಕು. ಎರಡನೆಯ ಇಳಿತದಲ್ಲಿ ಅದರ ಗಾಂಧಾರ, ನಿಷಾದಗಳು ಸ್ಥಿರವೀಣೆಯ ಋಷಭ, ಧೈವತಗಳೊಡನೆ ಕೂಡುವುವು. ಮೂರನೆಯದರಲ್ಲಿ ಋಷಭ, ಧೈವತಗಳು ಷಡ್ಜ, ಪಂಚಮಗಳೊಡನೆ. ನಾಲ್ಕನೆಯದರಲ್ಲಿ ಉಳಿದ ಮೂರು ಸ್ವರಗಳು ತಂತಮ್ಮ ಕೆಳಗಿನ ಸ್ವರಗಳೊಡನೆ. 13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ಇದೇ ಪರೀಕ್ಷೆಯನ್ನು 22 ತಂತಿಗಳ ವೀಣೆಗಳಿಂದ ವಿವರಿಸಿದನು.

ಆಧುನಿಕ ವಿದ್ವಾಂಸರಲ್ಲಿ ಅನೇಕರು ಪ್ರಮಾಣಶ್ರುತಿಯನ್ನು 81:80ರ ಅನುಪಾತವೆಂದು ಗಣಿಸಿರುವರು. ಅದು ಅತ್ಯಲ್ಪ, ಆದರೂ ಎರಡು ಗ್ರಾಮಗಳ ಭೇದವೆಲ್ಲವೂ ಅದರಲ್ಲಿಯೇ ನಿಂತಿದೆ. ಸ್ಥಾಯಿಯನ್ನು 12 ಸಮಭಾಗಗಳಾಗಿ ಒಡೆಯುವ ಹಾರ್ಮೋನಿಯಂನಲ್ಲಿ ಈ ಸೂಕ್ಷ್ಮಾಂತರಕ್ಕೆ ಸ್ಥಾನವಿಲ್ಲ. ಭಜನೆಗೆ ಆ ವಾದ್ಯವು ಅನುಕೂಲವಾದುದು ನಿಜ. ಆದರೆ ಅದೊಂದರಿಂದಲೇ ಸ್ವರವನ್ನು ಕಲಿತವನಿಗೆ ಪ್ರಾಚೀನರ ಶ್ರುತಿಭೇದವು ಬರಿಯ ಶಬ್ದವಾಗಿ ಉಳಿಯುವುದು. ತಂಬೂರಿಯ ನಾದದಲ್ಲಿ ಕಿವಿಯನ್ನು ಪಳಗಿಸಿದವನಿಗೆ ಅದೇ ಭೇದವು ಅನುಭವವಾಗುವುದು. ಶಾಸ್ತ್ರವು ಅನುಭವದಿಂದಲೇ ಸಾರ್ಥಕವೆಂಬುದು ಇಲ್ಲಿಯೂ ಸತ್ಯ.