'ವನ್ಸ್ ಮೋರ್' ಎಂಬ ಕೂಗಿನ ಹಿಂದೆ

"ಅಪ್ಪಾ, ಇದೆಲ್ಲಾ ಯೂಟ್ಯೂಬಿನ್ಯಾಗ ಸಿಗತದ. ಅಷ್ಟು ದೂರ ಹೋಗಿ ಯಾಕ ನೋಡಬೇಕು?"

ಪುಣೆಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳ ಪ್ರಶ್ನೆ. ಬಾಲಗಂಧರ್ವ ರಂಗಮಂದಿರದಲ್ಲಿ 'ಸಂಗೀತ ಸೌಭದ್ರ'ಕ್ಕೆ ಮೂರು ಟಿಕೆಟ್ ತಂದಿದ್ದೆ. ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. "ಸುಮ್ನ ಬಾರವಾ" ಅಂತ ಕರಕೊಂಡು ಹೋದೆ. ಉತ್ತರ ಆಮೇಲೆ ಸಿಕ್ಕಿತು. ಅದನ್ನು ಹೇಳುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಅಜ್ಜ ಗದಗಿನ ಕಡೆಯವರು. ಮರಾಠಿ ಮಾತಾಡಲು ಬರುತ್ತಿರಲಿಲ್ಲ. ಆದರೆ ಸಂಜೆ ಕಟ್ಟೆಯ ಮೇಲೆ ಕೂತು ಮರಾಠಿ ನಾಟಕದ ಪದ ಗುನುಗುತ್ತಿದ್ದರು, ಅರ್ಧ ಮಾತು ತಪ್ಪು, ಸ್ವರ ಮಾತ್ರ ಸರಿ. ಆ ಕಾಲದ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಸೀಮೆಯಲ್ಲಿ ಇದೇನು ವಿಶೇಷವಲ್ಲ. ನಾನು ಕೆಲಸದ ಮೇಲೆ ಪುಣೆಗೆ ಬಂದಾಗ ಇಲ್ಲಿನ ಸಹೋದ್ಯೋಗಿಯೊಬ್ಬರು "ನಾಟ್ಯಸಂಗೀತ ನಮ್ಮದು, ನಿಮಗೆ ಹೇಗೆ ಗೊತ್ತು?" ಎಂದು ಆಶ್ಚರ್ಯಪಟ್ಟಿದ್ದರು. ಅವತ್ತಿನಿಂದ ಈ 'ನಮ್ಮದು, ನಿಮ್ಮದು' ಲೆಕ್ಕವನ್ನು ಓದುತ್ತಾ ಬಂದೆ. ಬ್ಯಾಂಕಿನವನಿಗೆ ಖಾತೆ ತಾಳೆಯಾಗದೆ ನಿದ್ದೆ ಬರುವುದಿಲ್ಲ ನೋಡಿ!

ಕಥೆ ಶುರುವಾಗುವುದು ನಮ್ಮ ಹೊನ್ನಾವರ ತಾಲೂಕಿನ ಕರ್ಕಿಯಿಂದ. ಅಲ್ಲಿನ ಭಾಗವತ ಮೇಳದವರು 1842ರ ಸುಮಾರಿಗೆ ಸಾಂಗ್ಲಿಗೆ ಹೋಗಿ ಆಟ ಆಡಿದರು. ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರಿಗೆ ಅದು ಹಿಡಿಸಿತು. ಮರಾಠಿಯಲ್ಲೂ ಇಂಥದ್ದು ಆಗಲಿ ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಅವರಿಗೆ ಹೇಳಿದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಇವತ್ತಿಗೂ ನವೆಂಬರ್ 5 ಮರಾಠಿ ರಂಗಭೂಮಿ ದಿನ. ಭಾವೆಯವರ ನಾಟಕದಲ್ಲಿ ಪದಗಳನ್ನೆಲ್ಲ ಸೂತ್ರಧಾರನೇ ಹಾಡುತ್ತಿದ್ದ, ಪಾತ್ರಧಾರಿಗಳು ಆ ಸಂದರ್ಭಕ್ಕೆ ತಕ್ಕ ಮಾತು ತಾವೇ ಹೊಂದಿಸಿಕೊಳ್ಳುತ್ತಿದ್ದರು. ಯಕ್ಷಗಾನ ನೋಡಿದವರಿಗೆ ಈ ಸೂತ್ರಧಾರ ಯಾರೆಂದು ಬಿಡಿಸಿ ಹೇಳಬೇಕಿಲ್ಲ, ನಮ್ಮ ಭಾಗವತರೇ.

ಸಾಲ ಕೊಟ್ಟದ್ದು ನಾವು ಎಂದು ಬೀಗುವಂತಿಲ್ಲ, ಬಡ್ಡಿ ಸಮೇತ ವಾಪಸು ಬಂತು. ಮರಾಠಿ ಮಂಡಳಿಗಳು ನಮ್ಮ ಊರುಗಳಲ್ಲಿ ನಾಟಕ ಆಡಿ ಜನರನ್ನು ಮರುಳು ಮಾಡಿದಾಗ, ಕನ್ನಡದಲ್ಲೇ ಆಡಬೇಕೆಂದು ಹಟ ಹಿಡಿದವರು ಗದಗಿನ ಶಾಂತಕವಿಗಳು (ಸಕ್ಕರಿ ಬಾಳಾಚಾರ್ಯರು). 1870ರ ದಶಕದಲ್ಲಿ ಅವರು ಕಟ್ಟಿದ ಮಂಡಳಿ, ಬರೆದ 'ಉಷಾಹರಣ' ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿಗೆ ಬುನಾದಿ.

ಇನ್ನು ದೊಡ್ಡ ತಿರುವು ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೋ, ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಪುಣೆಯಲ್ಲಿ ಪಾರ್ಸಿ ಕಂಪನಿಯ 'ಇಂದ್ರಸಭಾ' ನೋಡಿ, ಮರಾಠಿಯಲ್ಲೂ ಇದು ಸಾಧ್ಯ ಅನಿಸಿ 'ಶಾಕುಂತಲ'ವನ್ನು ಸಂಗೀತ ನಾಟಕ ಮಾಡಿದರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅದರ ಮೊದಲ ನಾಲ್ಕು ಅಂಕ ಪ್ರದರ್ಶನವಾಯಿತು. ಸೂತ್ರಧಾರನ ಕೈಯಿಂದ ಹಾಡನ್ನು ತೆಗೆದು ಪಾತ್ರದ ಬಾಯಿಗೆ ಕೊಟ್ಟದ್ದೇ ಅವರ ಹೆಚ್ಚುಗಾರಿಕೆ. ಶಕುಂತಲೆಯ ದುಃಖವನ್ನು ಶಕುಂತಲೆಯೇ ಹಾಡಿದಳು. 1882ರಲ್ಲಿ ಬಂದ 'ಸೌಭದ್ರ'ದಲ್ಲಿ ನೂರಕ್ಕೂ ಹೆಚ್ಚು ಪದಗಳಿದ್ದವು. ಹಾಡಲು ಬಾರದವನಿಗೆ ಇನ್ನು ನಾಯಕನ ಪಾತ್ರ ಎಲ್ಲಿಂದ ಸಿಗಬೇಕು?

ಅದರಿಂದಲೇ ಗಾಯಕನಟರ ಕಾಲ ಬಂತು. ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವರು, 1905ರಲ್ಲಿ ಕಿರ್ಲೋಸ್ಕರ ಮಂಡಳಿ ಸೇರಿದರು. 1911ರಲ್ಲಿ ಮುಂಬಯಿಯಲ್ಲಿ 'ಮಾನಾಪಮಾನ'ದ ಮೊದಲ ಪ್ರದರ್ಶನದ ದಿನವೇ ಅವರ ಪುಟ್ಟ ಮಗಳು ತೀರಿಕೊಂಡಳು. ಆದರೂ ಬಣ್ಣ ಹಚ್ಚಿದರು, ಭಾಮಿನಿಯಾಗಿ ಹಾಡಿದರು. ಅದನ್ನು ದೊಡ್ಡ ತ್ಯಾಗವೆಂದು ಎಲ್ಲರೂ ಕೊಂಡಾಡುತ್ತಾರೆ. ಹೆಣ್ಣುಮಗಳ ತಂದೆಯಾದ ನನಗೆ ಆ ಕಥೆ ಓದಿದಾಗ ಹೆಮ್ಮೆಗಿಂತ ಸಂಕಟವೇ ಹೆಚ್ಚು. ಜನ ಬಂದು ಕೂತಿದ್ದಾರೆ, ಪರದೆ ಏಳಲೇಬೇಕು. ಜೀವಂತ ರಂಗಭೂಮಿ ಕಲಾವಿದನಿಂದ ವಸೂಲು ಮಾಡುವ ಬೆಲೆ ಅದು.

ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಸ್ತ್ರೀಪಾತ್ರಗಳಲ್ಲಿ ಹಾಡಿ 'ಸವಾಯಿ ಗಂಧರ್ವ' ಆದರು. ಅವರ ಶಿಷ್ಯರೇ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಮಲ್ಲಿಕಾರ್ಜುನ ಮನ್ಸೂರರು ಬಾಲಕರಾಗಿ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿದ್ದವರು. ಈ ಖಾತೆಯಲ್ಲಿ ಜಮಾ ಯಾವುದು, ಖರ್ಚು ಯಾವುದು? ನಾನಂತೂ ತಾಳೆ ಹಾಕುವುದನ್ನು ಬಿಟ್ಟಿದ್ದೇನೆ.

1932ರಲ್ಲಿ ಮರಾಠಿಗೆ, 1934ರಲ್ಲಿ ಕನ್ನಡಕ್ಕೆ ಟಾಕಿ ಬಂತು. ರೇಷ್ಮೆ ಸೀರೆ, ಒಡವೆ, ಅತ್ತರು ಎಂದು ಕೈಬಿಚ್ಚಿ ಖರ್ಚು ಮಾಡಿ ಮೊದಲೇ ಸಾಲದ ಹೊರೆ ಹೊತ್ತಿದ್ದ ಗಂಧರ್ವ ನಾಟಕ ಮಂಡಳಿ ತಡೆಯಲಿಲ್ಲ. ಬಾಲಗಂಧರ್ವರು ಪ್ರಭಾತ್ ಸಂಸ್ಥೆಯ 'ಧರ್ಮಾತ್ಮಾ' (1935) ಚಿತ್ರದಲ್ಲಿ ಸಂತ ಏಕನಾಥರಾದರು. ಆದರೆ ಕ್ಯಾಮೆರಾ ಅವರಿಗೆ ಒಗ್ಗಲಿಲ್ಲ. ಎದುರಿಗೆ ಜನ ಇಲ್ಲದೆ ಯಾರಿಗಾಗಿ ಹಾಡಬೇಕು?

ಈಗ ಮೊನ್ನೆಯ ಸೌಭದ್ರಕ್ಕೆ ಬರುತ್ತೇನೆ. ಮುಕ್ಕಾಲು ಪಾಲು ತಲೆ ಬೆಳ್ಳಗಾದವರೇ. ರಂಗದ ಮುಂದೆ ಆರ್ಗನ್, ತಬಲಾ. ನಾಂದಿ ಮುಗಿಯಿತು. ಸುಭದ್ರೆಯನ್ನು ದುರ್ಯೋಧನನಿಗೆ ಕೊಡಲು ಹೊರಟ ಬಲರಾಮ, ಅರ್ಜುನನಿಗೇ ಸಿಗಲೆಂದು ಹೂಟ ಹೂಡುವ ಕೃಷ್ಣ. ನಮ್ಮ ಓಣಿಯ ಯಾವುದೋ ಮನೆಯ ಮದುವೆ ಜಗಳ ನೋಡಿದಂತಿತ್ತು. ಕೃಷ್ಣ ರುಕ್ಮಿಣಿಗೆ ರಾತ್ರಿ ಸರಿದು ಬೆಳಗಾಗುವುದನ್ನು ತೋರಿಸಿ ಹಾಡುವ ಪದ ಬಂದಾಗ ನನ್ನ ಕೈ ಕುರ್ಚಿಯ ಹಿಡಿಕೆ ಬಿಗಿಹಿಡಿಯಿತು. ಅಜ್ಜ ಗುನುಗುತ್ತಿದ್ದ ಸ್ವರ ಅದೇ! ಯಾವ ಪದವೆಂದು ನಲವತ್ತು ವರ್ಷ ನನಗೆ ಗೊತ್ತಿರಲಿಲ್ಲ.

ಹಾಡು ಮುಗಿಯುತ್ತಲೇ ಹಿಂದಿನ ಸಾಲಿನಿಂದ "ವನ್ಸ್ ಮೋರ್!" ನಟ ನಕ್ಕು, ಆರ್ಗನ್‌ನವರ ಕಡೆ ನೋಡಿ, ಮತ್ತೆ ಎತ್ತಿಕೊಂಡ. ಈ ಸಲ ಬೇರೆ ದಾರಿ ಹಿಡಿದು ಒಂದು ತಾನ್ ತೆಗೆದ, ತಬಲಾದವರು ಒಂದು ಕ್ಷಣ ತಡವರಿಸಿ ಸಮಕ್ಕೆ ಬಂದು ಸೇರಿದರು, ಇಡೀ ಸಭಾಗೃಹ "ವಾಹ್" ಅಂದಿತು. ಮಗಳೂ ಅಂದಳು. ಅವಳು ಮೊಬೈಲ್ ಯಾವಾಗ ಚೀಲಕ್ಕೆ ಹಾಕಿದ್ದಳೋ ನಾನು ನೋಡಿರಲಿಲ್ಲ.

ಯೂಟ್ಯೂಬಿನಲ್ಲಿ ಅದೇ ಹಾಡನ್ನು ಹತ್ತು ಸಲ ಹಾಕಬಹುದು, ಹತ್ತು ಸಲವೂ ಅದೇ ತಾನ್. ಇಲ್ಲಿ ನಾವು ಕೇಳಿದ್ದಕ್ಕೆ ಅವನು ಹಾಡಿದ, ಹಾಡಿದ ಕ್ಷಣಕ್ಕೇ ಅದು ಮುಗಿದೂ ಹೋಯಿತು. ಕರ್ಕಿಯ ಮೇಳದವರು ಸಾಂಗ್ಲಿಯಲ್ಲಿ ಆಡಿದ ಆಟವೂ ಹಾಗೇ ಮುಗಿದುಹೋಯಿತು. ಅಲ್ಲಿ ಕೂತು ನೋಡಿದವರಿದ್ದರು, ಅದಕ್ಕೇ ಮುಂದಿನದೆಲ್ಲ ಹುಟ್ಟಿತು.

ಮನೆಗೆ ಬರುವಾಗ ರಿಕ್ಷಾದಲ್ಲಿ ಮಗಳು ಆ ಪದವನ್ನೇ ಗುನುಗುತ್ತಿದ್ದಳು. ಮರಾಠಿ ಮಾತೆಲ್ಲ ಸರಿಯಾಗಿತ್ತು, ಸ್ವರ ಮಾತ್ರ ಸ್ವಲ್ಪ ತಪ್ಪು. ಅಜ್ಜನಿಗೆ ಪೂರ್ತಿ ಉಲ್ಟಾ. ನಾನು ತಿದ್ದಲು ಹೋಗಲಿಲ್ಲ.