ಗಂಜಾಮಿಗೆ ಹೋದ ಶಿರಾದವರು: ಪವಿತ್ರ ಕುಟುಂಬದ ಹಬ್ಬಕ್ಕೊಂದು ಚಿಂತನೆ



ಪವಿತ್ರ ಕುಟುಂಬದ ಹಬ್ಬ ಬಂತೆಂದರೆ ಮತ್ತಾಯನ ಶುಭಸಂದೇಶದ ಎರಡನೆಯ ಅಧ್ಯಾಯ ನೆನಪಾಗುತ್ತದೆ. ಹೆರೋದನ ಭಯದಿಂದ ಸಂತ ಜೋಸೆಫರು ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. ಅಲ್ಲಿ ಯಾರ ಮನೆಯಲ್ಲಿ ತಂಗಿದರು, ಏನು ಉಂಡರು ಎಂಬುದನ್ನು ಶುಭಸಂದೇಶಕಾರ ಬರೆದಿಲ್ಲ. ಕ್ರಿಸ್ಮಸ್ ರಜೆಯಲ್ಲಿ ಶ್ರೀರಂಗಪಟ್ಟಣ ನೋಡಿ ಬಂದ ಮೇಲೆ ಈ ಮೌನ ನಮ್ಮನ್ನು ಕಾಡುತ್ತಿದೆ.

ಪಟ್ಟನಾಯಕನಹಳ್ಳಿ ಕಡೆಯ ಕೆಲವು ಕುಟುಂಬಗಳೊಡನೆ ಬೆಳಗಿನ ಜಾವ ಬಸ್ಸು ಹತ್ತಿ, ಶಿರಾ, ತುಮಕೂರು, ಕುಣಿಗಲ್ ಮಾರ್ಗವಾಗಿ ಹೋದೆವು. ಬುತ್ತಿ ಬಿಚ್ಚುವ ಹೊತ್ತಿಗೆ ಕಾವೇರಿ ಕಂಡಿತು. ಗೈಡ್ ಉತ್ಸಾಹಿ. ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, ಟಿಪ್ಪು ಮಡಿದ ಜಾಗ, ಕರ್ನಲ್ ಬೇಲಿಯ ಬಂದೀಖಾನೆ, ಗುಂಬಜ್ ಎಲ್ಲವನ್ನೂ ತೋರಿಸಿದರು. ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ಅದೇ ಕದನದಲ್ಲಿ ಸೆರೆಸಿಕ್ಕ ಬೇಲಿ 1782ರಲ್ಲಿ ಇಲ್ಲಿ ತೀರಿಕೊಂಡ. ಸೋತ ಆಂಗ್ಲ ಅಧಿಕಾರಿಯ ಹೆಸರಿಗೂ ಇಲ್ಲಿ ಒಂದು ಫಲಕವಿದೆ.

ದರಿಯಾ ದೌಲತ್ ಕಟ್ಟಿದ್ದು 1784ರಲ್ಲಿ ಎಂದು ಗೈಡ್ ಹೇಳಿದಾಗ ನಾವು ಮಕ್ಕಳನ್ನು ನಿಲ್ಲಿಸಿ ಒಂದು ಮಾತು ಸೇರಿಸಿದೆವು. ಅದೇ ವರ್ಷ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಸುಮಾರಿಗೆ, ಮಂಗಳೂರು ಸೀಮೆಯ ಕಥೋಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ, ಈ ದ್ವೀಪಕ್ಕೆ ನಡೆಸಿಕೊಂಡು ಬಂದರು. ಎಷ್ಟು ಮಂದಿ ಎಂಬುದರಲ್ಲಿ ಒಬ್ಬೊಬ್ಬರ ಲೆಕ್ಕ ಒಂದೊಂದು. ಅರುವತ್ತು ಸಾವಿರ ಎಂಬ ಮಾತೂ ಇದೆ. ದಾರಿಯಲ್ಲೇ ಅನೇಕರು ಸತ್ತರು, ಉಳಿದವರಲ್ಲಿ ಬಹಳ ಜನರನ್ನು ಬಲವಂತವಾಗಿ ಮತಾಂತರಿಸಲಾಯಿತು. ಅವರ ಹೆಸರಿನ ಫಲಕ ನಮಗೆ ಎಲ್ಲೂ ಕಾಣಲಿಲ್ಲ.

ಮಧ್ಯಾಹ್ನ ಗಂಜಾಮಿಗೆ ಬಂದೆವು. ನಿಮಿಷಾಂಬ ದೇವಸ್ಥಾನದ ದೆಸೆಯಿಂದ ಈ ಹೆಸರು ಎಲ್ಲರಿಗೂ ಗೊತ್ತು. ನಮ್ಮವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದು. ಈ ಪೇಟೆಯನ್ನು ತುಂಬಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಶಿರಾ ಎಂದರೆ ಆಗ ಸಣ್ಣ ಊರಲ್ಲ. 1687ರಿಂದ ಎಪ್ಪತ್ತು ವರ್ಷ ಮೊಗಲರ ಸುಬಾದ ರಾಜಧಾನಿಯಾಗಿದ್ದ ಪಟ್ಟಣ. ಕೇಳಿದ ಕೂಡಲೇ ನಮ್ಮ ಜೊತೆಗಿದ್ದ ಅಜ್ಜಿಯೊಬ್ಬರು, "ಸ್ವಾಮಿ, ಅವರ್ಯಾರೂ ತಿರುಗಿ ಬರ್ಲಿಲ್ವಾ?" ಎಂದರು. ಗೈಡ್ ನಮ್ಮ ಮುಖ ನೋಡಿದರು, ನಾವು ಅವರ ಮುಖ ನೋಡಿದೆವು.

ಒಬ್ಬ ಅರಸನನ್ನು ಶಪಿಸಲು ಇದನ್ನು ಬರೆಯುತ್ತಿಲ್ಲ. ಶೃಂಗೇರಿ ಮಠಕ್ಕೆ ನೆರವು ಕಳಿಸಿದವನೂ ಇದೇ ಟಿಪ್ಪು. ಮಸೀದಿ, ದೇವಸ್ಥಾನಗಳೆರಡೂ ಇದ್ದ ಶಿರಾದಿಂದ ಹೊರಟವರಲ್ಲಿ ಎಲ್ಲ ಮತದವರೂ ಇದ್ದಿರಬೇಕು. ಮನೆ ಬಿಡುವವರ ಕಣ್ಣೀರಿಗೆ ಮತವೆಲ್ಲಿ?

1799ರ ಮೇ 4ರಂದು ಕೋಟೆ ಬಿತ್ತು. ಸೆರೆಯಿಂದ ಬಿಡುಗಡೆಯಾದ ಕ್ರೈಸ್ತರು ಚದುರಿಹೋಗಿದ್ದರು, ಅವರಿಗೆ ಗುರುಗಳಿರಲಿಲ್ಲ. ಆಗ ಬಂದವರು ಫ್ರೆಂಚ್ ಗುರು ಅಬ್ಬೆ ದುಬಾಯ್. ಕಾವಿ ಉಟ್ಟು, ಮಾಂಸ ಬಿಟ್ಟು, ಜನರ ನಡುವೆ ಜನರಂತೆ ಬದುಕಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದರು. ಬಲವಂತಕ್ಕೆ ಒಳಗಾಗಿದ್ದವರನ್ನು ಬೈಯದೆ ಮತ್ತೆ ಧರ್ಮಸಭೆಗೆ ಸೇರಿಸಿಕೊಂಡರು. ಹಾಸನದ ಕಡೆ ನಿರ್ಗತಿಕರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು, ಸಿಡುಬಿಗೆ ಲಸಿಕೆ ಹಾಕಿಸಿದರು. 1823ರಲ್ಲಿ ತಾಯ್ನಾಡಿಗೆ ಮರಳುವಾಗ, ಈ ದೇಶದಲ್ಲಿ ಧರ್ಮಪ್ರಚಾರ ಫಲಿಸುವುದಿಲ್ಲ ಎಂಬ ನಿರಾಶೆ ಅವರಲ್ಲಿತ್ತು. ಅದನ್ನು ಮುಚ್ಚಿಡದೆ ಬರೆದರು ಕೂಡ. ಆ ನಿರಾಶೆಯಲ್ಲಿ ನಾವು ಪಾಲುದಾರರಲ್ಲ. ಆದರೆ ಅವರ ಪ್ರಾಮಾಣಿಕತೆ ಮೆಚ್ಚುವಂಥದ್ದು.

ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಪರಿಚಿತವಾದ ಪುಟ್ಟ ಚರ್ಚಿದೆ. ಅಲ್ಲಿ ಮೊಣಕಾಲೂರಿ ಜಪಸರ ಹೇಳಿದೆವು. ಕೊನೆಯ ರಹಸ್ಯವನ್ನು ಆ ಅಜ್ಜಿಯೇ ಶಿರಾ ಬಿಟ್ಟು ಹೋದವರಿಗಾಗಿ ಒಪ್ಪಿಸಿದರು. ಅವರ ಇಬ್ಬರು ಗಂಡುಮಕ್ಕಳೂ ಮಳೆಯಿಲ್ಲದ ಹೊಲ ಬಿಟ್ಟು ಬೆಂಗಳೂರಿನಲ್ಲಿ ಕೂಲಿಗಿದ್ದಾರೆ.

ತಿರುಗಿ ಬರುವಾಗ ಶಿರಾ ತಲುಪಿದಾಗ ರಾತ್ರಿ ಹತ್ತಾಗಿತ್ತು. ದಿನವೂ ಬಸ್ಸಿನಿಂದ ನೋಡುವ ಊರು. ಕೋಟೆಯ ಹತ್ತಿರ ನಿಲ್ಲಿಸಿ ಎಂದು ಮಕ್ಕಳೇ ಡ್ರೈವರನ್ನು ಕೇಳಿದರು. ಕತ್ತಲಲ್ಲಿ ಏನೂ ಕಾಣಲಿಲ್ಲ. ಮುಂದಿನ ರಜೆಗೆ ಇಲ್ಲಿಗೇ ಬರುವುದೆಂದು ಅಲ್ಲೇ ತೀರ್ಮಾನವಾಯಿತು.