ಸಿಹಿಮದ್ದಿನ ಸೀಸೆಯೂ ಶಾಸನವೂ

ಮಗುವಿಗೆ ಕೆಮ್ಮು ಬಂದರೆ ಅಂಗಡಿಯಿಂದ ಮದ್ದಿನ ಸೀಸೆಯೊಂದನ್ನು ತಂದು, ಚೀಟಿಯನ್ನು ಓದಿ, ಚಮಚೆಯಲ್ಲಿ ಅಳೆದು ಕುಡಿಸುತ್ತೇವೆ. ಚೀಟಿಯಲ್ಲಿ ಬರೆದುದೇ ಒಳಗೂ ಇದೆಯೆಂದು ನಂಬುತ್ತೇವೆ. ಈ ನಂಬಿಕೆಗೆ ಆಧಾರವಾದ ಶಾಸನಗಳು ಬಂದ ಬಗೆಯನ್ನು ವಾಚಕರು ತಿಳಿಯುವುದು ಒಳ್ಳೆಯದು.

1937ರಲ್ಲಿ ಅಮೇರಿಕೆಯಲ್ಲಿ ಗಂಟಲುಬೇನೆಗೆ ಸಲ್ಫಾನಿಲಮೈಡ್ ಎಂಬ ಮದ್ದು ಗುಳಿಗೆಯಾಗಿ ಆಗಲೇ ಬಳಕೆಯಲ್ಲಿತ್ತು, ಗುಣವನ್ನೂ ಕೊಡುತ್ತಿತ್ತು. ಅದನ್ನು ದ್ರವವಾಗಿ ಮಾರಬೇಕೆಂದು ಟೆನೆಸೀ ಸಂಸ್ಥಾನದ ಮ್ಯಾಸೆಂಗಿಲ್ ಕಂಪನಿಯವರು ಹೊರಟರು. ಅವರು ಅದನ್ನು ಕರಗಿಸಿದುದು ಡೈಎಥಿಲಿನ್ ಗ್ಲೈಕಾಲ್ ಎಂಬ ಸಿಹಿಯಾದ ದ್ರವದಲ್ಲಿ. ಬಣ್ಣ ನೋಡಿದರು, ವಾಸನೆ ನೋಡಿದರು, ರುಚಿ ನೋಡಿದರು. ವಿಷವೋ ಅಲ್ಲವೋ ಎಂಬುದನ್ನು ಮಾತ್ರ ನೋಡಲಿಲ್ಲ. ನೋಡಲೇಬೇಕೆಂದು ಅಂದಿನ ಕಾಯಿದೆಯೂ ಹೇಳಿರಲಿಲ್ಲ! ಕುಡಿದವರ ಮೂತ್ರಪಿಂಡಗಳು ಕೆಟ್ಟು, ಮೂತ್ರ ನಿಂತು, 100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 34 ಮಕ್ಕಳು.

ಸರಕಾರದ ಇನ್‌ಸ್ಪೆಕ್ಟರುಗಳು ವೈದ್ಯರನ್ನೂ ಅಂಗಡಿಗಳನ್ನೂ ಮನೆಗಳನ್ನೂ ಹುಡುಕಿ, ತಯಾರಾಗಿದ್ದ 240 ಗ್ಯಾಲನ್‌ಗಳಲ್ಲಿ 234ರಷ್ಟನ್ನು ವಶಪಡಿಸಿಕೊಂಡರು. ಯಾವ ಅಪರಾಧಕ್ಕೆಂದು ಕೇಳಿದರೆ ನಗು ಬರಬೇಕು, ಬರುವುದಿಲ್ಲ. ಮದ್ದಿಗೆ ‘ಎಲಿಕ್ಸಿರ್’ ಎಂದು ಹೆಸರಿಟ್ಟಿದ್ದರು; ಆ ಹೆಸರಿನ ಮದ್ದಿನಲ್ಲಿ ಮದ್ಯಸಾರವಿರಬೇಕು, ಇದರಲ್ಲಿ ಇರಲಿಲ್ಲ. ಹೆಸರು ತಪ್ಪೆಂಬುದೊಂದೇ ಕಾನೂನಿಗೆ ಸಿಕ್ಕ ಹಿಡಿ. ಮಾರುವ ಮುನ್ನ ಹೊಸ ಮದ್ದು ನಿರಪಾಯವೆಂದು ತೋರಿಸಬೇಕೆಂಬ ಶಾಸನ ಅಲ್ಲಿ ಬಂದುದು ಮರುವರ್ಷ, 1938ರಲ್ಲಿ.

ನಮ್ಮಲ್ಲಿ ಕಲಬೆರಕೆ ಮದ್ದುಗಳ ದೂರು ಹೆಚ್ಚಿದಾಗ 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ವರದಿ ಬಂದುದು 1931ರಲ್ಲಿ, ಕಾಯಿದೆ ಆದುದು 1940ರಲ್ಲಿ.

ಕಾಯಿದೆಯೇನೋ ಬಂದಿತು. ಆದರೂ ಅದೇ ಗ್ಲೈಕಾಲ್ 1973ರಲ್ಲಿ ಮದರಾಸಿನಲ್ಲಿ 14 ಮಕ್ಕಳ ಪ್ರಾಣ ತೆಗೆಯಿತು. 1986ರಲ್ಲಿ ನಮ್ಮ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ, ಔಷಧಿಯಾಗಿ ಕೊಟ್ಟ ಗ್ಲಿಸರಿನ್ನಿನಲ್ಲಿ ಬೆರೆತು 14 ರೋಗಿಗಳನ್ನು ಕೊಂದಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಲೆಂಟಿನ್ ಅವರು ಸರಕಾರದ ಔಷಧ ನಿಯಂತ್ರಣ ಇಲಾಖೆಯನ್ನೂ ಆಸ್ಪತ್ರೆಯ ಆಡಳಿತವನ್ನೂ ಕಟುವಾಗಿ ಟೀಕಿಸಿದರು. ಮುಂಬಯಿಯ ಹಿರಿಯರಿಗೆ ಆ ದಿನಗಳ ಪತ್ರಿಕೆಗಳು ನೆನಪಿದ್ದಾವು.

ಮತ್ತೆ ಮತ್ತೆ ಇದೇ ವಿಷ ಏಕೆ? ಸಿರಪ್ ತಯಾರಿಕೆಗೆ ಬೇಕಾದ ಗ್ಲಿಸರಿನ್, ಪ್ರೊಪಿಲಿನ್ ಗ್ಲೈಕಾಲ್‌ಗಳೂ ಈ ಕಾರ್ಖಾನೆಯ ದ್ರವವೂ ನೋಟಕ್ಕೆ ಒಂದೇ: ಬಣ್ಣವಿಲ್ಲ, ಮಂದವಾಗಿದೆ, ಸಿಹಿಯಾಗಿದೆ. ಇದು ಅಗ್ಗ. ದಲ್ಲಾಳಿಗಳ ಕೈಯಿಂದ ಕೈಗೆ ಹೋಗುವ ಪೀಪಾಯಿಯ ಚೀಟಿಯನ್ನಷ್ಟೇ ನಂಬಿ, ಪರೀಕ್ಷೆ ಮಾಡದೆ ಸುರಿದರೆ ಆಯಿತು. ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ, ಸಾಮಾನ್ಯ ಪ್ರಯೋಗಶಾಲೆಯಲ್ಲಿ ಆಗುವಂಥದು.

2022ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ ಸುಮಾರು 70 ಮಕ್ಕಳು ಸತ್ತು, ಭಾರತದಲ್ಲಿ ತಯಾರಾದ ಸಿರಪ್‌ಗಳ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಹೊರದೇಶಕ್ಕೆ ಹೋಗುವ ಕೆಮ್ಮಿನ ಸಿರಪ್ಪಿಗೆ ಮೊದಲು ಪ್ರಯೋಗಶಾಲೆಯ ಪ್ರಮಾಣಪತ್ರ ಬೇಕೆಂದು 2023ರ ಜೂನ್‌ನಿಂದ ನಿಯಮವಾಯಿತು. ಆ ನಿಯಮ ನಮ್ಮೂರ ಅಂಗಡಿಯ ಸೀಸೆಗೆ ಅನ್ವಯಿಸಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತರಷ್ಟು ಮಕ್ಕಳು ತೀರಿಕೊಂಡರು. ಅವರು ಕುಡಿದ ಸಿರಪ್ಪನ್ನು ಚೆನ್ನೈಯಲ್ಲಿ ಪರೀಕ್ಷಿಸಿದಾಗ ಡೈಎಥಿಲಿನ್ ಗ್ಲೈಕಾಲ್ ಶೇಕಡಾ 48.6 ಇತ್ತು. ಇರಬಹುದಾದ ಮಿತಿ ಶೇಕಡಾ 0.1.